ಶಬ್ದದ ಪಾಠಕ್ಕೆ ಹಲಗಿ: ವಾದ್ಯದ ಜೊತೆ ವಾದ್ಯಗಾರರನ್ನೂ ತರಗತಿಗೆ ಕರೆಯುವ ಬಗೆ

ಪೀಠಿಕೆ

8ನೇ ತರಗತಿಯ ವಿಜ್ಞಾನದಲ್ಲಿ ‘ಶಬ್ದ’ ಎಂಬ ಪಾಠವಿದೆ. ಶಬ್ದ ಹುಟ್ಟುವುದು ಕಂಪನದಿಂದ, ವೀಣೆಯಲ್ಲಿ ಕಂಪಿಸುವುದು ಬಿಗಿದ ತಂತಿ, ತಬಲಾದಲ್ಲಿ ಬಿಗಿದ ಪೊರೆ ಎಂದು ಅದು ಹೇಳುತ್ತದೆ. ಹೀಗಾಗಿ ವಿಜ್ಞಾನದ ಶಿಕ್ಷಕರು ಸಂಗೀತ ವಾದ್ಯಗಳ ಹೆಸರನ್ನು ಎತ್ತಲೇಬೇಕಾದ ಪಾಠ ಇದು. ನಮ್ಮ ಹೆಚ್ಚಿನ ಪ್ರೌಢಶಾಲೆಗಳಲ್ಲಿ ವಾದ್ಯಗಳ ಬಗ್ಗೆ ಮಾತಾಡುವ ತರಗತಿಯೂ ಇದೊಂದೇ. ಪ್ರಾರ್ಥನೆಗೆ, ಪ್ರತಿಭಾ ಕಾರಂಜಿಗೆ, ಆಗಸ್ಟ್ 15ಕ್ಕೆ ಹಾಡು ಬೇಕು. ಅದನ್ನು ಕಲಿಸುವವರು ಮಾತ್ರ ಹಾಡಲು ಬರುವ ಯಾರಾದರೊಬ್ಬ ಶಿಕ್ಷಕರು. ಹಾರ್ಮೋನಿಯಂ ಇದ್ದರೂ ಬೀರುವಿನೊಳಗೆ ಇರುತ್ತದೆ.

ಅದೇ ಶಾಲೆಯ ಕಾಂಪೌಂಡಿನ ಆಚೆ ಸಂಗೀತಕ್ಕೆ ಕೊರತೆಯಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಯಾವ ಊರಿಗೆ ಹೋದರೂ ಒಂದು ಭಜನಾ ಮಂಡಳಿ ಇರುತ್ತದೆ. ಡೊಳ್ಳು ಕಟ್ಟುವವರು, ಸನಾದಿ ಊದುವವರು, ಏಕತಾರಿ ಹಿಡಿದು ತತ್ವಪದ ಹಾಡುವವರು, ಹಲಗಿ ಬಾರಿಸುವವರು ಇರುತ್ತಾರೆ. ಹುಲಿಗಿಯ ಹುಲಿಗೆಮ್ಮನ ಗುಡಿಯ ಮುಂದೆ ಚೌಡಿಕೆ ಕೇಳದ ಮಗು ಈ ಭಾಗದಲ್ಲಿ ಕಡಿಮೆ.

ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಈ ಪಾಠವನ್ನು ನಾಲ್ಕು ಅವಧಿಗಳಲ್ಲಿ ಬೋಧಿಸಿದೆ. ಆ ಪಾಠದ ಯೋಜನೆ, ನಡೆದ ಬಗೆ ಮತ್ತು ಕಂಡುಕೊಂಡದ್ದನ್ನು ಸಹಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ. ವಾದ್ಯವನ್ನು ಒಳಗೆ ತಂದು, ಅದನ್ನು ನುಡಿಸುವವರನ್ನು ಹೊರಗೆ ನಿಲ್ಲಿಸಿದರೆ ಪಾಠ ಅರ್ಧವೇ ಆಗುತ್ತದೆ ಎಂಬುದು ನಾನು ಕಂಡುಕೊಂಡದ್ದರಲ್ಲಿ ಮುಖ್ಯವಾದುದು.

ಕಲಿಕಾ ಉದ್ದೇಶಗಳು

1. ಶಬ್ದವು ಕಂಪನದಿಂದ ಹುಟ್ಟುತ್ತದೆ ಎಂಬುದನ್ನು ಊರಿನ ವಾದ್ಯಗಳ ಮೂಲಕ ಗುರುತಿಸುವುದು.
2. ಶಬ್ದದ ಗಟ್ಟಿತನಕ್ಕೆ ಪಾರ ಕಾರಣ, ಸ್ಥಾಯಿಗೆ ಆವೃತ್ತಿ ಕಾರಣ ಎಂಬ ವ್ಯತ್ಯಾಸವನ್ನು ತಿಳಿಯುವುದು.
3. ಬಿಗುವು ಹೆಚ್ಚಿದಂತೆ ಆವೃತ್ತಿ ಹೆಚ್ಚುತ್ತದೆ ಎಂಬುದನ್ನು ವೀಕ್ಷಣೆಯಿಂದ ಹೇಳುವುದು.
4. ವಾದ್ಯ ನುಡಿಸುವುದು ಒಂದು ವಿದ್ಯೆ ಮತ್ತು ಒಂದು ದುಡಿಮೆ ಎಂಬುದನ್ನು ಅರಿಯುವುದು.

ನಾಲ್ಕನೆಯದು ವಿಜ್ಞಾನದ ಉದ್ದೇಶವೇ ಎಂದು ಯೋಜನೆ ನೋಡಿದ ಮಾರ್ಗದರ್ಶಿ ಶಿಕ್ಷಕರು ಕೇಳಿದರು. ಮೊದಲನೆಯ ಅವಧಿ ಮುಗಿದ ಮೇಲೆ ಅದನ್ನು ಉಳಿಸಿಕೊಳ್ಳಲು ಅವರೇ ಹೇಳಿದರು. ಕಾರಣ ಮುಂದಿದೆ.

ಮೊದಲನೆಯ ಅವಧಿ: ಪೂರ್ವಜ್ಞಾನ

‘ನಿಮಗೆ ಗೊತ್ತಿರುವ ವಾದ್ಯಗಳನ್ನು ಹೇಳಿರಿ’ ಎಂಬ ಪ್ರಶ್ನೆಯಿಂದ ಪಾಠ ಶುರುವಾಯಿತು. ಗಿಟಾರ್, ಕೀಬೋರ್ಡ್, ತಬಲಾ, ಕೊಳಲು, ವೀಣೆ, ಡ್ರಮ್ ಎಂದು ಉತ್ತರಗಳು ಬಂದವು. ಡೊಳ್ಳು ಕೂಡ ಬಂತು. ಹಲಗಿಯನ್ನು ಯಾರೂ ಹೇಳಲಿಲ್ಲ. ಮೊಹರಂ ಹೆಜ್ಜೆ ಕುಣಿತಕ್ಕೆ, ಜಾತ್ರೆಗೆ, ಮದುವೆಗೆ, ಮಣ್ಣಿಗೆ, ಎಲ್ಲದಕ್ಕೂ ಹಲಗಿ ಬೇಕಾದ ಊರು ಅದು. ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ ಆ ಹೆಸರು ಹೇಳಿದಾಗ ಒಂದಿಬ್ಬರು ನಕ್ಕರು. ಒಬ್ಬ ಹುಡುಗ ಪುಸ್ತಕದೊಳಗೆ ತಲೆ ಹಾಕಿದ.

ಇಂಥ ಹೊತ್ತಿನಲ್ಲಿ ‘ಹಲಗಿ ಬಾರಿಸುವವರು ಯಾರ ಮನೆಯಲ್ಲಿದ್ದಾರೆ’ ಎಂಬ ಪ್ರಶ್ನೆ ಶಿಕ್ಷಕರ ನಾಲಿಗೆಯ ತುದಿಗೆ ಸಹಜವಾಗಿ ಬರುತ್ತದೆ. ಅದನ್ನು ಕೇಳಬಾರದು. ಹಲಗಿ ನಮ್ಮಲ್ಲಿ ಒಂದು ಜಾತಿಯ ಹೆಗಲಿಗೆ ಕಟ್ಟಿದ ವಾದ್ಯ. ಯಾರ ಮನೆ ಎಂದು ಕೇಳಿದರೆ ಆ ಮಗುವಿನ ಜಾತಿಯನ್ನು ತರಗತಿಯ ನಡುವೆ ಕೇಳಿದಂತೆಯೇ. ನಾನು ಪ್ರಶ್ನೆಯನ್ನು ಹೀಗೆ ಬದಲಿಸಿದೆ: ‘ವರ್ಷದಲ್ಲಿ ಯಾವ ಯಾವ ದಿನ ಊರಲ್ಲಿ ಯಾವ ವಾದ್ಯದ ಸಪ್ಪಳ ಕೇಳಿಸುತ್ತದೆ?’ ಆಗ ವಾದ್ಯ ಮನೆಯಿಂದ ಬಿಡಿಸಿಕೊಂಡು ಊರಿನದಾಯಿತು. ಕಪ್ಪು ಹಲಗೆಯ ಮೇಲೆ ನಾಲ್ಕು ಅಂಕಣ ಮಾಡಿದೆವು: ಹಬ್ಬ, ವಾದ್ಯ, ಕಂಪಿಸುವ ಭಾಗ, ಹೇಗೆ ಕಂಪಿಸುತ್ತದೆ. ಹಲಗಿ, ಡೊಳ್ಳು, ಸಮಾಳ ಒಂದು ಗುಂಪಿಗೆ ಬಂದವು: ಬಿಗಿದ ತೊಗಲು. ಏಕತಾರಿ, ಚೌಡಿಕೆ ಇನ್ನೊಂದು ಗುಂಪು: ಬಿಗಿದ ತಂತಿ. ಸನಾದಿ, ಕೊಳಲು ಮೂರನೆಯದು: ಗಾಳಿಯ ಕಂಬ. ತಾಳ, ಗೆಜ್ಜೆ, ಜಾಗಟೆ ನಾಲ್ಕನೆಯದು: ವಾದ್ಯದ ಲೋಹವೇ ಕಂಪಿಸುತ್ತದೆ.

ಚೌಡಿಕೆಯ ಬಗ್ಗೆ ಒಬ್ಬ ಹುಡುಗಿ, ‘ಅದಕ್ಕ ತೊಗಲೂ ಐತಿ, ತಂತೀನೂ ಐತ್ರಿ ಟೀಚರ್, ಯಾವ ಗುಂಪಿಗೆ ಹಾಕೋದು?’ ಎಂದು ಕೇಳಿದಳು. ಇದು ಒಳ್ಳೆಯ ಪ್ರಶ್ನೆ. ತಂತಿ ಮೊದಲು ಕಂಪಿಸುತ್ತದೆ, ಅದು ತೊಗಲನ್ನು ಕಂಪಿಸುತ್ತದೆ, ತೊಗಲು ಹೆಚ್ಚು ಗಾಳಿಯನ್ನು ಅಲುಗಿಸಿ ಶಬ್ದವನ್ನು ದೊಡ್ಡದು ಮಾಡುತ್ತದೆ. ತಂತಿಯ ಬಿಗುವನ್ನು ಏರಿಳಿಸಿದರೆ ಸ್ವರವೂ ಏರಿಳಿಯುತ್ತದೆ. ರಬ್ಬರ್ ಬ್ಯಾಂಡನ್ನು ಕಂಪಾಸ್ ಪೆಟ್ಟಿಗೆಗೆ ಸಿಕ್ಕಿಸಿ, ಎಳೆದು ಮೀಟಿ, ಮಕ್ಕಳೇ ಇದನ್ನು ಮಾಡಿ ನೋಡಿದರು.

ಎರಡನೆಯ ಅವಧಿ: ಹಲಗಿ ಕಾಸುವುದು

ಹಲಗಿ ಬಾರಿಸುವ ಹಿರಿಯರೊಬ್ಬರನ್ನು ಮುಖ್ಯಶಿಕ್ಷಕರ ಒಪ್ಪಿಗೆ ಪಡೆದು ಶಾಲೆಗೆ ಕರೆದೆವು. ಕರೆಯಲು ಹಿಂದಿನ ದಿನವೇ ಅವರ ಮನೆಗೆ ಹೋಗಿದ್ದೆ. ಅವರು ಕೇಳಿದ ಮೊದಲ ಮಾತು: ‘ಅಕ್ಕಾರ, ನಾ ಒಳಗ ಬರ್ಲೇನ್ರಿ, ಅಂಗಳದಾಗ ನಿಂದರ್ಲೇನ್ರಿ?’ ಆ ಶಾಲೆಯಲ್ಲಿ ಅವರು ಎಷ್ಟೋ ಸಲ ಬಾರಿಸಿದ್ದರು. ಮೆರವಣಿಗೆಗೆ ಬಂದಿದ್ದರು, ಗೇಟಿನ ತನಕ. ಕೋಣೆಯೊಳಗೆ ಬಂದಿರಲಿಲ್ಲ.

ಮರುದಿನ ಮೊದಲು ತರಗತಿಯೊಳಗೆ ಶಿಕ್ಷಕರ ಕುರ್ಚಿಯಲ್ಲಿ ಅವರನ್ನು ಕೂರಿಸಿದೆವು. ಕಾಸದೆ ಇದ್ದ ಹಲಗಿಯನ್ನು ಅವರು ಒಂದು ಸಲ ಬಡಿದು ತೋರಿಸಿದರು. ‘ದಬ್’ ಎಂಬ ಮಂದ ಸಪ್ಪಳ ಬಂತು. ಬಳಿಕ ಎಲ್ಲರೂ ಅಂಗಳಕ್ಕೆ ಹೋದೆವು. ಹುಲ್ಲು, ಒಣಗಿದ ಕಡ್ಡಿ ಒಟ್ಟಿ ಬೆಂಕಿ ಮಾಡಿ, ತೊಗಲಿನ ಮುಖವನ್ನು ಉರಿಗೆ ಹಿಡಿದು ತಿರುವುತ್ತ ಕಾಸಿದರು. ನಡುನಡುವೆ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಮತ್ತೆ ಬಡಿದಾಗ ಸಪ್ಪಳ ‘ಖಣ್’ ಎಂದಿತು.

‘ತಣ್ಣಗಿದ್ರ ಹಲಗಿ ಮಾತಾಡಂಗಿಲ್ರಿ. ಕಾಸಿದ್ರ ತೊಗಲು ಬಿಗಿ ಆಕ್ಕೈತಿ. ಹೆಚ್ಚು ಕಾಸಿದ್ರ ಹರಿತೈತಿ. ಎಲ್ಲಿ ನಿಲ್ಲಿಸಬೇಕು ಅನ್ನೂದು ಕಿವಿಗೆ ಗೊತ್ತಾಗ್ಬೇಕು,’ ಎಂದರು.

ಇಲ್ಲಿ ವಿಜ್ಞಾನದ ವಿವರಣೆ ಕೊಡಬೇಕು. ತೊಗಲು ಗಾಳಿಯ ತೇವವನ್ನು ಹೀರಿಕೊಂಡು ಸಡಿಲವಾಗುತ್ತದೆ. ಕಾಸಿದಾಗ ತೇವ ಹೋಗಿ ತೊಗಲು ಕುಗ್ಗುತ್ತದೆ. ಅಂಚು ಬಳೆಗೆ ಬಿಗಿದಿರುವುದರಿಂದ ಕುಗ್ಗಲು ಜಾಗವಿಲ್ಲ, ಹಾಗಾಗಿ ಬಿಗುವು ಹೆಚ್ಚುತ್ತದೆ. ಬಿಗುವು ಹೆಚ್ಚಿದರೆ ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆ ಹೆಚ್ಚುತ್ತದೆ, ಅಂದರೆ ಆವೃತ್ತಿ ಏರುತ್ತದೆ. ಮಳೆಗಾಲದಲ್ಲಿ ಹಲಗಿಯನ್ನು ಮತ್ತೆ ಮತ್ತೆ ಕಾಸಬೇಕಾಗುವುದು ಇದಕ್ಕಾಗಿಯೇ. ಈಗ ಹಲವರು ಬಳಸುವ ಫೈಬರ್ ಹಾಳೆಯ ಹಲಗಿಗೆ ಬೆಂಕಿ ಬೇಡ, ಏಕೆಂದರೆ ಅದು ತೇವ ಹೀರುವುದಿಲ್ಲ.

ಮಕ್ಕಳು ತಪ್ಪಾಗಿ ತಿಳಿಯುವ ಒಂದು ಸಂಗತಿ ಇಲ್ಲಿ ಹೊರಬಿತ್ತು. ಜೋರಾಗಿ ಬಡಿದರೆ ಆವೃತ್ತಿ ಹೆಚ್ಚುತ್ತದೆ ಎಂದೇ ಅನೇಕರು ಭಾವಿಸಿದ್ದರು. ಕಾಸಿದ ಹಲಗಿಯನ್ನೇ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಬಾರಿಸಲು ಹಿರಿಯರನ್ನು ಕೇಳಿದೆವು. ಕಣ್ಣು ಮುಚ್ಚಿ ಕೇಳಿದ ಮಕ್ಕಳು, ‘ಸಪ್ಪಳ ದೊಡ್ಡದಾತು, ದನಿ ಅದೇ ಐತಿ’ ಎಂದರು. ಪಾರ ಮತ್ತು ಆವೃತ್ತಿಯ ವ್ಯತ್ಯಾಸಕ್ಕೆ ಇದಕ್ಕಿಂತ ಸರಳ ಪ್ರಯೋಗ ನನಗೆ ಸಿಕ್ಕಿಲ್ಲ.

ಕೊನೆಗೆ ಒಬ್ಬ ಹುಡುಗ ನನ್ನ ಹತ್ತಿರ ಬಂದು, ‘ಅಜ್ಜಗ ಆವೃತ್ತಿ ಅಂದ್ರ ಗೊತ್ತೈತೇನ್ರಿ?’ ಎಂದ. ಈ ಪ್ರಶ್ನೆಯನ್ನು ತರಗತಿಯ ಮುಂದೆಯೇ ಇಟ್ಟೆ. ಎಷ್ಟು ಕಾಸಬೇಕು ಎಂಬುದು ಅಜ್ಜನಿಗೆ ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ. ಕಾಸಿದರೆ ಯಾಕೆ ಹಾಗಾಗುತ್ತದೆ ಎಂಬುದನ್ನು ಪುಸ್ತಕ ಹೇಳುತ್ತದೆ. ನಮಗೆ ಎರಡೂ ಬೇಕು. ಹಳಬರಿಗೆ ಎಲ್ಲ ವಿಜ್ಞಾನವೂ ತಿಳಿದಿತ್ತು ಎಂದು ಹೇಳುವುದು ಸುಳ್ಳಾಗುತ್ತದೆ. ಅವರಿಗೆ ಏನೂ ತಿಳಿದಿರಲಿಲ್ಲ ಎಂದರೆ ಅದು ಇನ್ನೂ ದೊಡ್ಡ ಸುಳ್ಳು.

ಮೂರನೆಯ ಅವಧಿ: ತಬಲಾ, ಮೊಬೈಲ್ ಮತ್ತು ರಾಮನ್

ಭಜನಾ ಮಂಡಳಿಯಿಂದ ಒಂದು ತಬಲಾ ಕೇಳಿ ತಂದಿದ್ದೆವು. ಶ್ರುತಿ ನೋಡುವ ಉಚಿತ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡೆವು. ಅದು ಕೇಳಿದ ಸ್ವರದ ಆವೃತ್ತಿಯನ್ನು ಹರ್ಟ್ಸ್‌ನಲ್ಲಿ ತೋರಿಸುತ್ತದೆ. ಪ್ರಯೋಗಾಲಯದ 256 ಹರ್ಟ್ಸ್ ಶ್ರುತಿಕವೆಯನ್ನು ಬಡಿದು ಮೊದಲು ಆ್ಯಪ್ ಸರಿ ಇದೆಯೇ ಎಂದು ಪರೀಕ್ಷಿಸಿದೆವು. ಅಳೆಯುವ ಉಪಕರಣವನ್ನು ಮೊದಲು ಪರೀಕ್ಷಿಸುವ ಅಭ್ಯಾಸ ಮಕ್ಕಳಿಗೆ ಇದರಿಂದಲೇ ಬರುತ್ತದೆ.

ತಬಲಾದ ‘ನಾ’ ಅಕ್ಷರಕ್ಕೆ ಸಂಖ್ಯೆ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು. ಹಿಂದಿನ ದಿನ ಧ್ವನಿಮುದ್ರಿಸಿಕೊಂಡಿದ್ದ ಹಲಗಿಯ ಸಪ್ಪಳಕ್ಕೆ ಅದು ಕುಣಿದಾಡಿತು. ಎರಡೂ ಬಿಗಿದ ತೊಗಲೇ. ಹಾಗಾದರೆ ವ್ಯತ್ಯಾಸ ಏಕೆ?

ಇದಕ್ಕೆ ಉತ್ತರ ಕೊಟ್ಟವರು ಸಿ. ವಿ. ರಾಮನ್. ಬೆಳಕಿನ ಚದುರುವಿಕೆಗಾಗಿ 1930ರಲ್ಲಿ ನೊಬೆಲ್ ಪಡೆಯುವುದಕ್ಕೂ ಹತ್ತು ವರ್ಷ ಮೊದಲು, 1920ರಲ್ಲಿ, ಅವರು ಭಾರತೀಯ ಚರ್ಮವಾದ್ಯಗಳ ಬಗ್ಗೆ ಸಹಲೇಖಕರೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದೇ ವಿಷಯವನ್ನು ವಿಸ್ತಾರವಾಗಿ ಪ್ರಕಟಿಸಿದರು. ಎಲ್ಲ ಕಡೆ ಒಂದೇ ದಪ್ಪದ ದುಂಡು ಪೊರೆಯನ್ನು ಬಡಿದಾಗ ಮೂಲ ಆವೃತ್ತಿಯ ಜೊತೆ ಅದರ ಸುಮಾರು 1.59 ಪಟ್ಟು, 2.14 ಪಟ್ಟು ಹೀಗೆ ಪೂರ್ಣಸಂಖ್ಯೆಗೆ ಕೂಡದ ಆವೃತ್ತಿಗಳೂ ಹುಟ್ಟುತ್ತವೆ. ಕಿವಿಗೆ ಅದು ಒಂದು ಸ್ವರವಾಗಿ ನಿಲ್ಲುವುದಿಲ್ಲ. ತಬಲಾ ಮತ್ತು ಮೃದಂಗದ ಮುಖದ ನಡುವೆ ಹಚ್ಚುವ ಕಪ್ಪು ಲೇಪ ಆ ಭಾಗದ ತೂಕವನ್ನು ಹೆಚ್ಚಿಸಿ ಈ ಆವೃತ್ತಿಗಳನ್ನು 2 ಪಟ್ಟು, 3 ಪಟ್ಟು ಎಂಬ ಪೂರ್ಣಸಂಖ್ಯೆಗಳ ಹತ್ತಿರಕ್ಕೆ ತರುತ್ತದೆ. ಆದ್ದರಿಂದ ತಬಲಾ ಶ್ರುತಿಗೆ ಕೂಡುತ್ತದೆ. ಲೇಪವನ್ನು ಪದರ ಪದರವಾಗಿ ಹಚ್ಚಿ ತಿಕ್ಕುವ ಕೆಲಸವನ್ನು ರಾಮನ್ ಅವರಿಗಿಂತ ಬಹಳ ಹಿಂದೆಯೇ ವಾದ್ಯ ಮಾಡುವವರ ಕೈಗಳು ಕಂಡುಕೊಂಡಿದ್ದವು.

ಹಲಗಿ ಹಾಗಾದರೆ ಕಡಿಮೆಯೇ ಎಂದು ಮಕ್ಕಳು ಕೇಳಬಹುದು. ಅದರ ಕೆಲಸ ಬೇರೆ. ಶ್ರುತಿ ಹಿಡಿಯುವುದು ಅದರ ಕೆಲಸವಲ್ಲ. ಬಯಲಿನಲ್ಲಿ, ನೂರಾರು ಜನರ ನಡುವೆ, ಹೆಜ್ಜೆಗೆ ಲಯ ಕೊಡುವುದು ಅದರ ಕೆಲಸ.

ನಾಲ್ಕನೆಯ ಅವಧಿ: ಐದು ಚೀಟಿಗಳು

ತರಗತಿಯನ್ನು ಐದು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಚೀಟಿ ಕೊಟ್ಟೆವು. ಪ್ರತಿ ಗುಂಪಿಗೂ ಮೂರೇ ಪ್ರಶ್ನೆ: ಇವರು ಯಾರಿಂದ ಕಲಿತರು? ಎಲ್ಲಿ ಕಲಿತರು? ಹೊಟ್ಟೆಗೆ ಏನು ಮಾಡಿದರು?

ಮೊದಲ ಚೀಟಿ ಪಕ್ಕದ ಗದಗಿನದು. ಪಂಚಾಕ್ಷರಿ ಗವಾಯಿಗಳು ಅಂಧರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಕೂಡ ಅಂಧರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆ ಪುಟ್ಟರಾಜರ ಮೇಲೆ ಬಿತ್ತು. ಅಂಧ ಮತ್ತು ಬಡ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರನ್ನೂ ಒಂದೇ ಕಡೆ ಕೊಟ್ಟ ಶಾಲೆ ಅದು. ಖರ್ಚು ತೂಗಿಸಲು ನಾಟಕ ಕಂಪನಿಯನ್ನೂ ನಡೆಸಿದರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು.

ಎರಡನೆಯದು ಪಂಡಿತ ಎಂ. ವೆಂಕಟೇಶ ಕುಮಾರ್ ಅವರದು. 1953ರಲ್ಲಿ ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ ಹುಟ್ಟಿದರು. ತಂದೆ ಜನಪದ ಹಾಡುಗಾರರು, ಗೊಂಬೆಯಾಟದವರು. ಸೋದರಮಾವ ಬೆಳಗಲ್ಲು ವೀರಣ್ಣ ತೊಗಲುಗೊಂಬೆಯಾಟದ ದೊಡ್ಡ ಕಲಾವಿದರು. ಅವರೇ ಹುಡುಗನನ್ನು ಪುಣ್ಯಾಶ್ರಮಕ್ಕೆ ಸೇರಿಸಿದರು. ಅಲ್ಲಿ ಪುಟ್ಟರಾಜರ ಬಳಿ ವರ್ಷಗಟ್ಟಲೆ ಕಲಿತು, ಮುಂದೆ ಧಾರವಾಡದ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯದಲ್ಲಿ ಸುಮಾರು ಮೂರು ದಶಕ ಶಿಕ್ಷಕರಾಗಿದ್ದರು. 2016ರಲ್ಲಿ ಪದ್ಮಶ್ರೀ ಬಂತು. ಈ ಚೀಟಿ ಓದಿದ ಗುಂಪು ಮೂರನೆಯ ಪ್ರಶ್ನೆಗೆ ಬರೆದ ಉತ್ತರ: ‘ಹೊಟ್ಟೆಗೆ ಮಾಸ್ತರಿಕೆ ಮಾಡಿದರು.’

ಮೂರನೆಯದು ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರದು. ತೊಗಲುಗೊಂಬೆಯ ಹಿಂದೆ ದೀಪ, ಮುಂದೆ ಪರದೆ, ಜೊತೆಗೆ ಹಾಡು. ರಾಮಾಯಣ, ಮಹಾಭಾರತಗಳನ್ನು ಜೀವಮಾನವಿಡೀ ಆಡಿಸಿದ ಅವರಿಗೆ 2025ರಲ್ಲಿ, ತೊಂಬತ್ತು ದಾಟಿದ ಮೇಲೆ, ಪದ್ಮಶ್ರೀ ಬಂತು. ಕಲಿತದ್ದು ಮನೆಯಲ್ಲಿಯೇ.

ನಾಲ್ಕನೆಯದು ಮಂಜಮ್ಮ ಜೋಗತಿಯವರದು. ಮನೆ ಬಿಟ್ಟು ಹೊರಬಂದು, ಭಿಕ್ಷೆ ಬೇಡಿ ಬದುಕಿ, ಕಾಳವ್ವ ಜೋಗತಿಯವರ ಮೇಳದಲ್ಲಿ ಕಲೆಯನ್ನು ಬೆಳೆಸಿಕೊಂಡವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಐದನೆಯ ಚೀಟಿ ಖಾಲಿ. ಊರಿನ ಯಾರಾದರೊಬ್ಬ ವಾದ್ಯಗಾರರ ಬಗ್ಗೆ ಅದೇ ಮೂರು ಪ್ರಶ್ನೆಗೆ ಕೇಳಿ ಬರೆದು ತರಬೇಕು. ಖಾಲಿ ಚೀಟಿಯನ್ನು ಆಮೇಲೆ ಎಲ್ಲರಿಗೂ ಕೊಟ್ಟೆವು. ಯಾರ ಬಗ್ಗೆ ಬರೆಯಬೇಕು ಎಂಬುದನ್ನು ಮಗುವೇ ಆರಿಸಿಕೊಳ್ಳಬೇಕು, ತರಗತಿಯಲ್ಲಿ ಓದುವುದು ಕಡ್ಡಾಯವಲ್ಲ.

ಬಂದ ಚೀಟಿಗಳಲ್ಲಿ ಮೂರನೆಯ ಪ್ರಶ್ನೆಯ ಉತ್ತರ ಬಹುತೇಕ ಒಂದೇ ಇತ್ತು: ಕೂಲಿ. ಭತ್ತ ನಾಟಿಗೆ ಗಂಗಾವತಿ ಕಡೆ ಹೋಗುತ್ತಾರೆ, ಗೌಂಡಿ ಕೆಲಸ ಮಾಡುತ್ತಾರೆ, ಕುರಿ ಕಾಯುತ್ತಾರೆ. ಸೀಜನ್ ಬಂದಾಗ ಬಾರಿಸುತ್ತಾರೆ. ‘ಈಗ ಡಿಜೆ ಬಂದು ಕರೆಯೋದು ಕಡಿಮೆ ಆಗೈತಿ’ ಎಂದು ಹಲವು ಚೀಟಿಗಳಲ್ಲಿತ್ತು. ಇಲ್ಲಿಂದ ಪಾಠದ ಕೊನೆಯ ಭಾಗವಾದ ಶಬ್ದಮಾಲಿನ್ಯಕ್ಕೆ ಸರಾಗವಾಗಿ ಹೋಗಬಹುದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಊರಿನ ಮೆರವಣಿಗೆಯಲ್ಲಿ ನಾವು ಕೇಳುವುದು ಎಷ್ಟು ಎಂದು ಮಕ್ಕಳೇ ಮೊಬೈಲಿನಲ್ಲಿ ಅಂದಾಜು ಮಾಡಲಿ.

ಮೊದಲ ದಿನ ಪುಸ್ತಕದೊಳಗೆ ತಲೆ ಹಾಕಿದ್ದ ಹುಡುಗನ ಚೀಟಿಯೂ ಬಂತು. ಅದರಲ್ಲಿ ಯಾರ ಬಗ್ಗೆ ಇತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವನು ಅದನ್ನು ಓದಲು ಎದ್ದು ನಿಂತ, ಯಾರೂ ನಗಲಿಲ್ಲ ಎಂಬುದಷ್ಟನ್ನು ದಾಖಲಿಸುತ್ತೇನೆ.

ಮೌಲ್ಯಮಾಪನ

ಘಟಕ ಪರೀಕ್ಷೆಯಲ್ಲಿ ‘ಮಳೆಗಾಲದಲ್ಲಿ ಹಲಗಿಯ ಸ್ಥಾಯಿ ಏಕೆ ಇಳಿಯುತ್ತದೆ?’, ‘ಒಂದೇ ವಾದ್ಯವನ್ನು ಜೋರಾಗಿ ಬಾರಿಸಿದರೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ?’ ಎಂಬ ಪ್ರಶ್ನೆಗಳನ್ನು ಕೊಟ್ಟೆ. ಪಾರ ಮತ್ತು ಆವೃತ್ತಿಯನ್ನು ಅದಲುಬದಲು ಮಾಡಿದವರು ಕೆಲವರೇ. ವ್ಯಾಖ್ಯೆಯನ್ನು ಪುಸ್ತಕದ ಮಾತಿನಲ್ಲಿ ಬರೆಯಲಾಗದವರೂ ಕಾರಣವನ್ನು ತಮ್ಮ ಮಾತಿನಲ್ಲಿ ಸರಿಯಾಗಿ ಬರೆದಿದ್ದರು. ಅವರಿಗೆ ಪೂರ್ಣ ಅಂಕ ಕೊಡಲಾಯಿತು.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ವಾದ್ಯದ ಬಗ್ಗೆ ಕೇಳಿರಿ, ಮನೆತನದ ಬಗ್ಗೆ ಕೇಳಬೇಡಿರಿ. ಮಗುವನ್ನು ಮುಂದೆ ಕರೆದು ‘ನಿಮ್ಮ ಅಪ್ಪನ ಹಾಗೆ ಬಾರಿಸು’ ಎನ್ನಬಾರದು.
2. ಕಲಾವಿದರನ್ನು ಖುದ್ದಾಗಿ ಹೋಗಿ ಕರೆಯಿರಿ. ಅವರು ಕೂರುವ ಕುರ್ಚಿ, ಕುಡಿಯುವ ಚಹದ ಲೋಟ ಶಿಕ್ಷಕರದ್ದೇ ಆಗಿರಲಿ. ಮಕ್ಕಳು ಪಾಠಕ್ಕಿಂತ ಮೊದಲು ಇದನ್ನು ನೋಡುತ್ತಾರೆ.
3. ಬಂದ ದಿನದ ಕೂಲಿ ಅವರಿಗೆ ತಪ್ಪುತ್ತದೆ. ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ಕೂಡಿ ಒಂದು ದಿನದ ಕೂಲಿಯಷ್ಟನ್ನು ಲಕೋಟೆಯಲ್ಲಿ ಹಾಕಿ ಕೊಟ್ಟೆವು. ಶಾಲು ಹೊದಿಸುವುದು ಇದಕ್ಕೆ ಬದಲಿ ಆಗಲಾರದು.
4. ಮುಖ್ಯಶಿಕ್ಷಕರ ಸಹಿ, ಮೊಹರು ಇರುವ ಒಂದು ಪತ್ರ ಕೊಡಿಸಿರಿ: ಇಂಥ ದಿನ ಇಂಥ ತರಗತಿಗೆ ವಾದ್ಯದ ಬಗ್ಗೆ ಪಾಠ ಹೇಳಿದರು ಎಂದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಕಲಾವಿದರೆಂದು ತೋರಿಸಲು ಕಾಗದವೇ ಇಲ್ಲದವರಿಗೆ ಇಂಥ ಪತ್ರ ಒಂದು ದಾಖಲೆ.
5. ಬೆಂಕಿ ಬಳಸುವಾಗ ನೀರಿನ ಬಕೆಟ್ ಪಕ್ಕದಲ್ಲಿರಲಿ, ಮಕ್ಕಳು ದೂರದಲ್ಲಿ ಸುತ್ತ ನಿಲ್ಲಲಿ.

ಉಪಸಂಹಾರ

ನಮ್ಮ ಬಿಎಡ್ ಪಠ್ಯಕ್ರಮದಲ್ಲಿ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಎಂಬ ಭಾಗವಿದೆ. ಅದನ್ನು ದಾಖಲೆ ಪುಸ್ತಕದ ನಾಲ್ಕು ಚಿತ್ರಗಳಿಗೆ ಮುಗಿಸದೆ ನಮ್ಮ ವಿಷಯದ ಪಾಠದೊಳಗೇ ಬಳಸಬಹುದು ಎಂಬುದಕ್ಕೆ ಈ ಪಾಠ ಒಂದು ಉದಾಹರಣೆ.

ಆದರೆ ಇದರ ಮಿತಿಯನ್ನೂ ಹೇಳಬೇಕು. ಶಬ್ದದ ಪಾಠ ಸಂಗೀತದ ಪಾಠವಲ್ಲ. ಆವೃತ್ತಿ ಅರ್ಥವಾದ ಮಗುವಿಗೆ ಸ್ವರ ಹಚ್ಚಲು ಬರುವುದಿಲ್ಲ, ಅದಕ್ಕೆ ದಿನವೂ ಕಲಿಸುವ ಗುರು ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, 6ರಿಂದ 8ನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. ಸ್ಥಳೀಯ ಕಲೆಗಳನ್ನು ಬಲ್ಲವರನ್ನೇ ಶಾಲೆಗಳು ಬೋಧಕರಾಗಿ ನೇಮಿಸಿಕೊಳ್ಳಬಹುದು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಕಾಗದದ ಮೇಲೆ ಜಾಗ ಇದೆ, ಊರಿನಲ್ಲಿ ಜನರೂ ಇದ್ದಾರೆ. ವೆಂಕಟೇಶ ಕುಮಾರರಿಗೆ ಮಾಸ್ತರಿಕೆ ಕೊಟ್ಟ ಸಂಬಳ ಎಂಥದು ಎಂದು ಯೋಚಿಸಿದರೆ, ಒಂದು ಶಾಲೆಯ ಸಣ್ಣ ಹುದ್ದೆ ಒಬ್ಬ ಕಲಾವಿದರ ಬಾಳಿನಲ್ಲಿ ಏನು ಮಾಡಬಲ್ಲದು ಎಂಬುದು ತಿಳಿಯುತ್ತದೆ.

ನಾವು ನಾಳೆ ಶಿಕ್ಷಕರಾಗಿ ಹೋಗುವ ಶಾಲೆಗಳಲ್ಲಿ ಎಸ್‌ಡಿಎಂಸಿ ಸಭೆ ನಡೆಯುತ್ತದೆ, ಶಾಲಾ ಅಭಿವೃದ್ಧಿ ಯೋಜನೆ ಬರೆಯಲಾಗುತ್ತದೆ. ಆ ಯೋಜನೆಯಲ್ಲಿ ಕಾಂಪೌಂಡ್, ಶೌಚಾಲಯ, ಕುಡಿಯುವ ನೀರಿನ ಜೊತೆ ‘ವಾರಕ್ಕೆ ಎರಡು ಅವಧಿ ಸಂಗೀತ, ಊರಿನ ಕಲಾವಿದರಿಂದ, ಗೌರವಧನ ಸಹಿತ’ ಎಂಬ ಒಂದು ಸಾಲನ್ನು ಸೇರಿಸಿ ಬರೆಸುವುದು ನಮ್ಮ ಕೈಯಲ್ಲೇ ಇದೆ.